ಪಿತ್ತಾಮ್ಲ ಸಾಗಿಸುವ ಪ್ರೋಟೀನ್‌ಗೂ ಹೆಪಟೈಟಿಸ್ ಬಿ ವೈರಸ್‌ಗೂ ಏನು ಸಂಬಂಧ? ಗೊತ್ತಿದ್ದವರು ಬಿಡಿಸಿ ಹೇಳಿ

ಸುಷ್ಮಾ_ಧಾರವಾಡ (ಸೋಮವಾರ, ರಾತ್ರಿ 9:14)

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್‌ಸಿ ಬಯೋಟೆಕ್ ಓದುತ್ತಿದ್ದೇನೆ. ಮುಂದಿನ ವಾರ ಸೆಮಿನಾರ್ ಕೊಡಬೇಕು. ಹೆಪಟೈಟಿಸ್ ವೈರಸ್‌ಗಳು ಲಿವರ್ ಕೋಶದೊಳಗೆ ಹೇಗೆ ಹೋಗುತ್ತವೆ ಅನ್ನುವುದು ವಿಷಯ.

ಓದುತ್ತಾ ಹೋದಾಗ ಎನ್‌ಟಿಸಿಪಿ ಅನ್ನುವ ಪ್ರೋಟೀನ್ ಸಿಕ್ಕಿತು. ಪೂರ್ತಿ ಹೆಸರು ಸೋಡಿಯಂ ಟೌರೊಕೋಲೇಟ್ ಕೋಟ್ರಾನ್ಸ್‌ಪೋರ್ಟಿಂಗ್ ಪಾಲಿಪೆಪ್ಟೈಡ್. ಬಾಯಿ ತಿರುಗುವುದಿಲ್ಲ, ಎನ್‌ಟಿಸಿಪಿ ಅಂತಲೇ ಹೇಳೋಣ. ರಕ್ತದಲ್ಲಿರುವ ಪಿತ್ತಾಮ್ಲವನ್ನು ಲಿವರ್ ಕೋಶದೊಳಗೆ ಸೇರಿಸುವುದು ಇದರ ಕೆಲಸವಂತೆ. ನಮ್ಮ ನೋಟ್ಸಿನಲ್ಲಿ "ಇದೇ ವೈರಸ್‌ನ ಬಾಗಿಲು" ಅಂತ ಒಂದೇ ಸಾಲು ಇದೆ, ಅಷ್ಟೇ. ಪಿತ್ತಾಮ್ಲದ ಜೊತೆಗೇ ವೈರಸ್ ಕೂಡ ಒಳಗೆ ನುಗ್ಗುತ್ತದಾ? ಎಲ್ಲ ಹೆಪಟೈಟಿಸ್ ವೈರಸ್‌ಗಳಿಗೂ ಇದೇ ದಾರಿನಾ? ಹಾಗಿದ್ದರೆ ಆ ಬಾಗಿಲು ಮುಚ್ಚಿಬಿಟ್ಟರೆ ಕಾಯಿಲೆ ಮುಗಿಯಿತು ಅಲ್ವಾ?

ಕೆರೆಕೋಡಿ_ಡಾಕ್ಟ್ರು (ಸೋಮವಾರ, ರಾತ್ರಿ 9:52)

ಸುಷ್ಮಾ ಅವರೇ, ಮೊದಲ ಸ್ಲೈಡಿನಲ್ಲೇ ಒಂದು ವಿಷಯ ಬಿಡಿಸಿ ಹೇಳಿಬಿಡಿ. ಎ, ಬಿ, ಸಿ, ಡಿ, ಇ ಅಂತ ಸಾಲಾಗಿ ಹೆಸರಿಟ್ಟಿದ್ದಾರೆ ಅಂತ ಇವೆಲ್ಲ ಒಂದೇ ಮನೆತನದವು ಅಂದುಕೊಳ್ಳಬೇಡಿ. ಲಿವರ್‌ಗೆ ಬಂದು ಕೂರುತ್ತವೆ ಅನ್ನುವುದೊಂದು ಬಿಟ್ಟರೆ ಹೆಚ್ಚುಕಮ್ಮಿ ಬೇರೆ ಬೇರೆ ಜಾತಿಯ ವೈರಸ್‌ಗಳು. ಎ ಮತ್ತು ಇ ಕೊಳಕು ನೀರು, ಕೊಳಕು ಊಟದಿಂದ ಬರುತ್ತವೆ. ಕುಡಿಯುವ ನೀರಿನ ಪೈಪಿಗೆ ಚರಂಡಿ ನೀರು ಸೇರಿ ಒಂದಿಡೀ ಬೀದಿಗೆ ಕಾಮಾಲೆ ಬಂತು ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಸಾಮಾನ್ಯವಾಗಿ ಅವು ಈ ಎರಡರ ಕೆಲಸ. ಬಿ, ಸಿ, ಡಿ ಹರಡುವುದು ರಕ್ತದಿಂದ. ಬಿ ಆದರೆ ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಮತ್ತು ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ.

ನೀವು ಕೇಳಿದ ಎನ್‌ಟಿಸಿಪಿ ಬಿ ಮತ್ತು ಡಿ ಗೆ ಮಾತ್ರ. ಸಿ ವೈರಸ್ ಹಿಡಿಯುವುದು ಸಿಡಿ81, ಕ್ಲಾಡಿನ್-1, ಒಕ್ಲೂಡಿನ್ ಮುಂತಾದ ಬೇರೆಯೇ ಪ್ರೋಟೀನ್‌ಗಳನ್ನು. ಹಾಗಾಗಿ ಸೆಮಿನಾರ್ ಹೆಸರನ್ನೇ "ಹೆಪಟೈಟಿಸ್ ಬಿ ಮತ್ತು ಡಿ" ಅಂತ ಬದಲಾಯಿಸಿದರೆ ಒಳ್ಳೆಯದು. ಇಲ್ಲದಿದ್ದರೆ ಎಕ್ಸಾಮಿನರ್ ಅಲ್ಲೇ ಹಿಡಿಯುತ್ತಾರೆ.

ಒಳಗಿನ ವಿವರ ಹೇಳೋಕೆ ಜರ್ಮನಿಯಲ್ಲಿರುವ ನಮ್ಮ ನೆಕ್ಕರ್_ತೀರ ಸರಿಯಾದ ಮನುಷ್ಯ. ಎಲ್ಲಿದ್ದೀರಪ್ಪಾ?

ನೆಕ್ಕರ್_ತೀರ (ಸೋಮವಾರ, ರಾತ್ರಿ 11:30)

ಇಲ್ಲೇ ಇದ್ದೇನೆ ಡಾಕ್ಟ್ರೇ, ಈಗಷ್ಟೇ ಲ್ಯಾಬ್‌ನಿಂದ ಬಂದೆ.

ಸುಷ್ಮಾ, ವೈರಸ್ ಕಡೆಗೆ ಹೋಗುವ ಮುಂಚೆ ಪಿತ್ತದ ಓಡಾಟ ಗೊತ್ತಿರಬೇಕು. ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತಾಮ್ಲ ತಯಾರಿಸುತ್ತದೆ. ಅದು ಪಿತ್ತಕೋಶದಲ್ಲಿ ಕೂಡಿ, ಊಟವಾದ ಮೇಲೆ ಸಣ್ಣಕರುಳಿಗೆ ಇಳಿದು ಜಿಡ್ಡು ಕರಗಿಸುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ದೇಹ ಸುಮ್ನೆ ಹೊರಗೆ ಹಾಕುವುದಿಲ್ಲ. ಸುಮಾರು ಶೇಕಡಾ 95ರಷ್ಟನ್ನು ಸಣ್ಣಕರುಳಿನ ಕೊನೆಯ ಭಾಗ ವಾಪಸ್ ಹೀರಿಕೊಂಡು, ಪೋರ್ಟಲ್ ರಕ್ತನಾಳದ ಮೂಲಕ ಲಿವರ್‌ಗೇ ಕಳಿಸುತ್ತದೆ. ದಿನಕ್ಕೆ ಹಲವು ಸಲ ಈ ಸುತ್ತು ನಡೆಯುತ್ತಲೇ ಇರುತ್ತದೆ.

ಹಾಗೆ ವಾಪಸ್ ಬಂದ ಪಿತ್ತಾಮ್ಲವನ್ನು ರಕ್ತದಿಂದ ತೆಗೆದು ಲಿವರ್ ಕೋಶದೊಳಗೆ ಹಾಕುವ ಮುಖ್ಯ ಪ್ರೋಟೀನ್ ಎನ್‌ಟಿಸಿಪಿ. ಕೋಶದ ರಕ್ತದ ಕಡೆಯ ಮೈಮೇಲೆ ಕೂತಿರುತ್ತದೆ. 349 ಅಮೈನೋ ಆಮ್ಲಗಳ ಪ್ರೋಟೀನ್, ಕೋಶಪೊರೆಯನ್ನು ಒಂಬತ್ತು ಸಲ ದಾಟಿ ಹೊಲಿದುಕೊಂಡಿದೆ. ಒಂದು ಪಿತ್ತಾಮ್ಲ ಒಳಗೆ ಹೋಗಬೇಕಾದರೆ ಜೊತೆಗೆ ಎರಡು ಸೋಡಿಯಂ ಅಯಾನುಗಳು ಹೋಗಬೇಕು. ಸೋಡಿಯಂ ಹೊರಗೆ ಜಾಸ್ತಿ, ಒಳಗೆ ಕಮ್ಮಿ. ಅದು ಒಳಗೆ ಇಳಿಯುವ ಜೋರಿನಲ್ಲೇ ಪಿತ್ತಾಮ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಹೆಸರಿನಲ್ಲಿ ಸೋಡಿಯಂ ಬಂದಿರುವುದು ಅದಕ್ಕೇ.

ಈ ಪ್ರೋಟೀನ್ ಇರುವುದು ಹೆಚ್ಚುಕಮ್ಮಿ ಲಿವರ್ ಕೋಶದಲ್ಲಿ ಮಾತ್ರ. ರಕ್ತದಲ್ಲಿ ಮೈಯೆಲ್ಲ ತಿರುಗುವ ಬಿ ವೈರಸ್ ಕಿಡ್ನಿಗೋ ಹೃದಯಕ್ಕೋ ಹೋಗಿ ಕೂರದೆ ಲಿವರ್‌ನಲ್ಲೇ ಯಾಕೆ ನಿಲ್ಲುತ್ತದೆ ಅನ್ನುವ ಪ್ರಶ್ನೆಗೆ ದೊಡ್ಡ ಪಾಲಿನ ಉತ್ತರ ಇಲ್ಲೇ ಇದೆ.

ಈಗ ವೈರಸ್. ಅದರ ಹೊರಕವಚದಲ್ಲಿ ಮೂರು ಅಳತೆಯ ಪ್ರೋಟೀನ್‌ಗಳಿವೆ: ಚಿಕ್ಕದು, ಮಧ್ಯಮ, ದೊಡ್ಡದು. ದೊಡ್ಡದರ ತುದಿಯಲ್ಲಿ ಪ್ರಿಎಸ್1 ಅನ್ನುವ ಭಾಗ ಇದೆ. ಆ ತುದಿಗೆ ಮಿರಿಸ್ಟಿಕ್ ಆಮ್ಲ ಅನ್ನುವ ಕೊಬ್ಬಿನ ಎಳೆಯೊಂದು ಅಂಟಿರುತ್ತದೆ. ವೈರಸ್ ಲಿವರ್ ಕೋಶದ ಹತ್ತಿರ ಬಂದಾಗ ಮೊದಲು ಕೋಶದ ಮೈಮೇಲಿನ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಗಳಿಗೆ ಸಡಿಲವಾಗಿ ಅಂಟಿಕೊಳ್ಳುತ್ತದೆ. ಬಿಡಿಸಿಕೊಂಡು ಹೋಗಬಹುದಾದ ಅಂಟು ಅದು. ಆಮೇಲೆ ಪ್ರಿಎಸ್1 ತುದಿ ಎನ್‌ಟಿಸಿಪಿಯನ್ನು ಹಿಡಿಯುತ್ತದೆ. ಈ ಹಿಡಿತ ಬಿಗಿ.

ನಾಳೆ ಮುಂದುವರಿಸುತ್ತೇನೆ.

ತಟಸ್ಥ_ಎಂಜಿನಿಯರ್ (ಮಂಗಳವಾರ, ಬೆಳಿಗ್ಗೆ 7:05)

ನಾನು ಬಯಾಲಜಿಯವನಲ್ಲ, ಮೆಕ್ಯಾನಿಕಲ್. ಅಳತೆ ನೋಡದೆ ಏನನ್ನೂ ಒಪ್ಪುವವನಲ್ಲ. ಹುಡುಕಿದೆ: ಬಿ ವೈರಸ್‌ನ ಅಡ್ಡಳತೆ 42 ನ್ಯಾನೋಮೀಟರ್. ಈ ಎನ್‌ಟಿಸಿಪಿ ಒಂದೇ ಒಂದು ಪ್ರೋಟೀನ್. ಇಡೀ ಪ್ರೋಟೀನೇ ಕೆಲವು ನ್ಯಾನೋಮೀಟರ್ ಅಗಲ ಇರಬಹುದು, ಅದರೊಳಗಿನ ದಾರಿ ಇನ್ನೂ ಕಿರಿದು. ಅದರೊಳಗೆ 42 ನ್ಯಾನೋಮೀಟರ್ ಗುಂಡು ಹೇಗೆ ತೂರುತ್ತದೆ ಸ್ವಾಮಿ? ಬಾಗಿಲು ಅಂತ ಬರೆದ ಆ ನೋಟ್ಸ್ ಯಾರದ್ದು?

ಸುಷ್ಮಾ_ಧಾರವಾಡ (ಮಂಗಳವಾರ, ಬೆಳಿಗ್ಗೆ 8:20)

ನೋಟ್ಸ್ ಯಾರದ್ದು ಅಂತ ಹೇಳಲ್ಲ ಸರ್ 🙂 ಆದರೆ ಪ್ರಶ್ನೆ ನನಗೂ ಬೇಕು.

ನೆಕ್ಕರ್_ತೀರ (ಮಂಗಳವಾರ, ಮಧ್ಯಾಹ್ನ 1:10)

ತಟಸ್ಥ ಅವರ ಪ್ರಶ್ನೆಯೇ ಈ ವಿಷಯದ ತಿರುಳು. ಉತ್ತರ: ತೂರುವುದಿಲ್ಲ. ಬಾಗಿಲು ಅನ್ನುವ ಹೋಲಿಕೆ ಇಲ್ಲಿ ಎಲ್ಲರ ದಾರಿ ತಪ್ಪಿಸುತ್ತದೆ. ಪಿತ್ತಾಮ್ಲಕ್ಕೆ ಎನ್‌ಟಿಸಿಪಿ ನಿಜವಾಗಿಯೂ ಬಾಗಿಲು, ಅದರ ಮೂಲಕವೇ ಹಾದು ಹೋಗುತ್ತದೆ. ವೈರಸ್‌ಗೆ ಅದೇ ಪ್ರೋಟೀನ್ ಬರೀ ಹಿಡಿದುಕೊಳ್ಳುವ ಜಾಗ.

ಹಿಡಿದ ಮೇಲೆ ಏನಾಗುತ್ತದೆ ನೋಡಿ. ವೈರಸ್ ಅಂಟಿರುವ ಕಡೆ ಕೋಶಪೊರೆ ಒಳಕ್ಕೆ ತಗ್ಗಾಗಿ, ವೈರಸ್‌ಅನ್ನೂ ಎನ್‌ಟಿಸಿಪಿಯನ್ನೂ ಸೇರಿಸಿ ನುಂಗಿಬಿಡುತ್ತದೆ. ಎಂಡೋಸೈಟೋಸಿಸ್ ಅಂತ ನೀವು ಪಿಯುಸಿಯಲ್ಲಿ ಓದಿರುವುದೇ ಇದು. ಈ ನುಂಗುವ ಕೆಲಸಕ್ಕೆ ಇಜಿಎಫ್‌ಆರ್ ಅನ್ನುವ ಇನ್ನೊಂದು ಪ್ರೋಟೀನ್ ನೆರವಾಗುತ್ತದೆ ಅಂತ ಜಪಾನಿನ ತಂಡವೊಂದು 2019ರಲ್ಲಿ ತೋರಿಸಿತು. ಒಳಗಿನ ಚೀಲದಲ್ಲಿ ವೈರಸ್‌ನ ಹೊರಕವಚ ಕಳಚುತ್ತದೆ. ಉಳಿದ ತಿರುಳು ಕೋಶದ ನ್ಯೂಕ್ಲಿಯಸ್ ಕಡೆಗೆ ಹೋಗಿ, ತನ್ನ ಡಿಎನ್‌ಎಯನ್ನು ಅಲ್ಲಿ ಇಳಿಸುತ್ತದೆ.

ಇನ್ನೊಂದು ಸ್ವಾರಸ್ಯ. 2022ರಲ್ಲಿ ಹಲವು ತಂಡಗಳು ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ ಎನ್‌ಟಿಸಿಪಿಯ ಆಕಾರ ಬಿಡಿಸಿ ತೋರಿಸಿದವು. ಪ್ರಿಎಸ್1 ಅದಕ್ಕೆ ಕೂತಿರುವ ಚಿತ್ರ 2024ರಲ್ಲಿ ಬಂತು. ಪ್ರಿಎಸ್1 ಹೊರಮೈಗೆ ಸುಮ್ನೆ ತಾಗಿಕೊಂಡಿಲ್ಲ. ಪಿತ್ತಾಮ್ಲ ಹಾದು ಹೋಗುವ ಅದೇ ಸುರಂಗದೊಳಗೆ ಒಂದಷ್ಟು ಭಾಗ ಇಳಿಸಿ ಕೂತಿದೆ. ಅಂದರೆ ವೈರಸ್ ಹಿಡಿದಿದ್ದಾಗ ಆ ಪ್ರೋಟೀನ್‌ನಿಂದ ಪಿತ್ತಾಮ್ಲದ ಸಾಗಣೆ ನಡೆಯುವುದಿಲ್ಲ. ಇದರ ತಿರುವುಮುರುವೂ ನಿಜ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಟೌರೊಕೋಲೇಟ್ ಅನ್ನುವ ಪಿತ್ತಾಮ್ಲ ಜಾಸ್ತಿ ಹಾಕಿದರೆ ವೈರಸ್ ಅಂಟುವುದು ಕಮ್ಮಿಯಾಗುತ್ತದೆ. ಹಾಗಾಗಿ ಸುಷ್ಮಾ, "ಪಿತ್ತಾಮ್ಲದ ಜೊತೆಗೇ ನುಗ್ಗುತ್ತದಾ" ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲ, ಹಾಗೆ ನುಗ್ಗುವುದಿಲ್ಲ. ಇಬ್ಬರೂ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತಾರೆ.

ತಟಸ್ಥ_ಎಂಜಿನಿಯರ್ (ಮಂಗಳವಾರ, ಮಧ್ಯಾಹ್ನ 1:31)

ಈಗ ಲೆಕ್ಕ ಸರಿಹೋಯಿತು.

ಸುಷ್ಮಾ_ಧಾರವಾಡ (ಮಂಗಳವಾರ, ಸಂಜೆ 6:45)

ಬಿ ವೈರಸ್ 1960ರ ದಶಕದಲ್ಲೇ ಸಿಕ್ಕಿತ್ತು. ಈ ಪ್ರೋಟೀನ್ ಗೊತ್ತಾಗಿದ್ದು 2012ರಲ್ಲಿ ಅಂತ ಓದಿದೆ. ನಡುವೆ ಅಷ್ಟು ವರ್ಷ ಯಾಕೆ ಬೇಕಾಯಿತು? ಪಿತ್ತಾಮ್ಲ ಸಾಗಿಸುವ ಪ್ರೋಟೀನ್ ಅಂತ ಎನ್‌ಟಿಸಿಪಿ ಮೊದಲೇ ಗೊತ್ತಿತ್ತಲ್ಲ?

ನೆಕ್ಕರ್_ತೀರ (ಮಂಗಳವಾರ, ರಾತ್ರಿ 11:58)

ಗೊತ್ತಿತ್ತು. ಆದರೆ ಪಿತ್ತದವರು ಪಿತ್ತದ ಕೆಲಸ ಮಾಡುತ್ತಿದ್ದರು, ವೈರಸ್‌ನವರು ವೈರಸ್‌ನ ಕೆಲಸ ಮಾಡುತ್ತಿದ್ದರು. ಇದು ನನ್ನ ಅಭಿಪ್ರಾಯ. ಇನ್ನೊಂದು ಗಟ್ಟಿ ಕಾರಣವೂ ಇದೆ.

ಲ್ಯಾಬ್‌ಗಳಲ್ಲಿ ದಶಕಗಟ್ಟಲೆ ಬಳಸಿದ್ದು ಹೆಪ್‌ಜಿ2 ಅನ್ನುವ ಲಿವರ್ ಗೆಡ್ಡೆಯ ಕೋಶಗಳನ್ನು. ವೈರಸ್‌ನ ಡಿಎನ್‌ಎಯನ್ನು ನಾವೇ ಒಳಗೆ ಹಾಕಿಬಿಟ್ಟರೆ ಈ ಕೋಶಗಳು ಖುಷಿಯಾಗಿ ವೈರಸ್ ತಯಾರಿಸುತ್ತವೆ. ಆದರೆ ಹೊರಗಿನಿಂದ ವೈರಸ್ ಸುರಿದರೆ ಸೋಂಕೇ ಆಗುವುದಿಲ್ಲ. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಈಗ ಗೊತ್ತು: ಗೆಡ್ಡೆಯ ಕೋಶಗಳಾದ ಮೇಲೆ ಅವು ಎನ್‌ಟಿಸಿಪಿ ತಯಾರಿಸುವುದನ್ನು ಬಹುತೇಕ ನಿಲ್ಲಿಸಿಬಿಟ್ಟಿವೆ. ಹುಡುಕಬೇಕಾದ ವಸ್ತುವೇ ಇಲ್ಲದ ಕಡೆ ಎಷ್ಟು ಹುಡುಕಿದರೆ ಏನು ಬಂತು!

ಬೀಜಿಂಗ್‌ನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಯೊಲಾಜಿಕಲ್ ಸೈನ್ಸಸ್‌ನಲ್ಲಿರುವ ವೆನ್‌ಹುಯಿ ಲಿ ಅವರ ತಂಡ ಇದನ್ನು ಕಂಡುಹಿಡಿಯಿತು. ಲಿ ಇದಕ್ಕೂ ಮುಂಚೆ ಅಮೆರಿಕದಲ್ಲಿದ್ದಾಗ, 2003ರಲ್ಲಿ, ಸಾರ್ಸ್ ವೈರಸ್ ಎಸಿಇ2 ಪ್ರೋಟೀನ್ ಹಿಡಿಯುತ್ತದೆ ಅಂತ ತೋರಿಸಿದ ತಂಡದಲ್ಲಿದ್ದವರು. ಕೋವಿಡ್ ಕಾಲದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಎಸಿಇ2 ಅದೇ.

ಅವರು ಹೆಪ್‌ಜಿ2 ಬಿಟ್ಟು ಟುಪಾಯಾ ಕಡೆ ಹೋದರು. ಅಳಿಲಿನ ಹಾಗೆ ಕಾಣುವ, ಮೂತಿ ಚೂಪಾದ ಪುಟ್ಟ ಪ್ರಾಣಿ. ಮನುಷ್ಯ ಮತ್ತು ಚಿಂಪಾಂಜಿ ಬಿಟ್ಟರೆ ಬಿ ವೈರಸ್ ತಗಲುವ ಪ್ರಾಣಿಗಳು ತೀರಾ ಕಮ್ಮಿ, ಅದರಲ್ಲಿ ಇದೊಂದು. (ಇದರ ದೂರದ ನೆಂಟ ನಮ್ಮ ದಕ್ಷಿಣ ಭಾರತದ ಗುಡ್ಡಗಾಡಿನಲ್ಲೂ ಇದೆ, ಅಳಿಲು ಅಂದುಕೊಂಡು ನಾವು ನೋಡಿದರೂ ನೋಡದ ಹಾಗೆ ಹೋಗಿರುತ್ತೇವೆ.) ಟುಪಾಯಾದ ಲಿವರ್ ಕೋಶಗಳ ಮೇಲೆ ಪ್ರಿಎಸ್1ನ ಒಂದು ಚೂರು ಹಾಕಿದರು. ಆ ಚೂರಿನಲ್ಲಿ ಒಂದು ಕಿತಾಪತಿ ಇತ್ತು: ಅಲ್ಟ್ರಾವಯೊಲೆಟ್ ಬೆಳಕು ಬಿದ್ದ ತಕ್ಷಣ ಪಕ್ಕದಲ್ಲಿ ಏನಿದೆಯೋ ಅದಕ್ಕೆ ಶಾಶ್ವತವಾಗಿ ಬೆಸೆದುಕೊಳ್ಳುವ ಅಮೈನೋ ಆಮ್ಲ ಸೇರಿಸಿದ್ದರು. ಜೊತೆಗೆ ಹಿಡಿದು ಎಳೆಯೋಕೆ ಬಯೋಟಿನ್ ಬಾಲ. ಬೆಳಕು ಹಾಯಿಸಿದರು, ಬೆಸೆದುಕೊಂಡಿದ್ದನ್ನು ಬಾಲ ಹಿಡಿದು ಎಳೆದರು, ಯಾವ ಪ್ರೋಟೀನ್ ಅಂತ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕಿದರು. ಸಿಕ್ಕಿದ್ದು ಎನ್‌ಟಿಸಿಪಿ.

ಇಷ್ಟಕ್ಕೇ ಬಿಡಲಿಲ್ಲ. ಸೋಂಕು ತಗಲುವ ಕೋಶಗಳಲ್ಲಿ ಎನ್‌ಟಿಸಿಪಿ ಕಮ್ಮಿ ಮಾಡಿದರು, ಸೋಂಕೂ ಕಮ್ಮಿಯಾಯಿತು. ಹೆಪ್‌ಜಿ2ಗೆ ಎನ್‌ಟಿಸಿಪಿ ಜೀನ್ ಕೊಟ್ಟರು, ಸೋಂಕು ತಗಲತೊಡಗಿತು. ಮಕಾಕ್ ಕೋತಿಯ ಎನ್‌ಟಿಸಿಪಿಗೆ ವೈರಸ್ ಅಂಟುವುದಿಲ್ಲ. ಅದರಲ್ಲಿ 157ರಿಂದ 165ನೇ ಅಮೈನೋ ಆಮ್ಲದವರೆಗಿನ ಸಣ್ಣ ತುಂಡನ್ನು ಮಾತ್ರ ತೆಗೆದು ಮನುಷ್ಯನದ್ದು ಹಾಕಿದರು, ಅಂಟಿತು! ನನಗೆ ಆ ಪೇಪರಿನಲ್ಲಿ ತುಂಬಾ ಇಷ್ಟವಾದ ಪ್ರಯೋಗ ಇದು. ಸೆಮಿನಾರ್‌ನಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಸುಷ್ಮಾ_ಧಾರವಾಡ (ಬುಧವಾರ, ಬೆಳಿಗ್ಗೆ 7:50)

ಅಣ್ಣಾ, ನೀವು ಈ ಕೋಶಗಳ ಜೊತೆ ಕೆಲಸ ಮಾಡುತ್ತೀರಾ? ಮಾಡುವಾಗ ಹೇಗಿರುತ್ತದೆ ಅಂತ ಸ್ವಲ್ಪ ಹೇಳಿ. ನಮ್ಮಲ್ಲಿ ಕಲ್ಚರ್ ಹುಡ್ ಇದೆ, ಕೀಲಿ ಮಾತ್ರ ಸಿಗಲ್ಲ.

ನೆಕ್ಕರ್_ತೀರ (ಬುಧವಾರ, ಮಧ್ಯಾಹ್ನ 12:40)

ಮಾಡುತ್ತೇನಮ್ಮಾ. ಎನ್‌ಟಿಸಿಪಿ ಸೇರಿಸಿದ ಹೆಪ್‌ಜಿ2 ಈಗ ಎಲ್ಲ ಕಡೆ ಸಿಗುತ್ತದೆ. ಕೊಲಾಜೆನ್ ಬಳಿದ ತಟ್ಟೆಯಲ್ಲಿ ಕೋಶ ಹರಡುತ್ತೇವೆ. ಹೆಪ್‌ಜಿ2 ಗುಂಪುಗುಂಪಾಗಿ ಗಂಟು ಕಟ್ಟಿಕೊಳ್ಳುವ ಜಾತಿ, ಚೆನ್ನಾಗಿ ಬಿಡಿಸದಿದ್ದರೆ ಮೈಕ್ರೋಸ್ಕೋಪಿನಲ್ಲಿ ಬರೀ ಗುಡ್ಡಗಳೇ ಕಾಣುತ್ತವೆ. ಮೀಡಿಯಂಗೆ ಶೇಕಡಾ 2ರಷ್ಟು ಡಿಎಂಎಸ್‌ಒ ಅನ್ನುವ ದ್ರಾವಕ ಹಾಕುತ್ತೇವೆ, ಕೋಶಗಳು ಬೆಳೆಯುವ ಆತುರ ಬಿಟ್ಟು ನಿಜವಾದ ಲಿವರ್ ಕೋಶದ ಕಡೆ ಸ್ವಲ್ಪ ತಿರುಗುತ್ತವೆ. ವೈರಸ್ ಹಾಕುವಾಗ ಶೇಕಡಾ 4 ಪಿಇಜಿ ಅನ್ನುವ ಪಾಲಿಮರ್ ಸೇರಿಸಬೇಕು. ಅದು ಜೇನಿನಷ್ಟಲ್ಲದಿದ್ದರೂ ಪಿಪೆಟ್‌ಗೆ ಅಂಟಿಕೊಂಡು ಕೈಗೆ ಭಾರ ಅನಿಸುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೆ ಮತ್ತೆ ತೊಳೆಯಬೇಕು. ಸರಿಯಾಗಿ ತೊಳೆಯದಿದ್ದರೆ ಹಾಕಿದ ವೈರಸ್ಸೇ ಉಳಿದುಕೊಂಡು, ಆಮೇಲೆ ಎಲೈಸಾ ಪರೀಕ್ಷೆಯಲ್ಲಿ ಹೊಸ ಸೋಂಕು ಆಗಿದೆ ಅಂತ ಸುಳ್ಳು ಹೇಳುತ್ತದೆ. ಅದಕ್ಕೇ ಪಕ್ಕದ ಗುಂಡಿಯಲ್ಲಿ ಯಾವಾಗಲೂ ಎನ್‌ಟಿಸಿಪಿ ಹಿಡಿತ ತಡೆಯುವ ಪೆಪ್ಟೈಡ್ ಹಾಕಿ ಇಡುತ್ತೇವೆ. ಅಲ್ಲಿ ಸಿಗ್ನಲ್ ಬಂದರೆ ತೊಳೆದದ್ದು ಸಾಲದು ಅಂತ ಅರ್ಥ.

ಇಷ್ಟು ಮಾಡಿದರೂ ಈ ಕೋಶಗಳಿಗೆ ಬಿ ವೈರಸ್ ಸುಲಭವಾಗಿ ತಗಲುವುದಿಲ್ಲ. ಪ್ರತಿ ಕೋಶಕ್ಕೆ ನೂರಾರು ವೈರಸ್ ಕಣ ಸುರಿಯಬೇಕು. ನಮ್ಮ ಲಿವರ್‌ನಲ್ಲಿ ಹೀಗಿಲ್ಲ, ಅಲ್ಲಿ ತುಂಬಾ ಕಮ್ಮಿ ಸಾಕು. ಎನ್‌ಟಿಸಿಪಿ ಒಂದೇ ಇದ್ದರೆ ಆಗುವುದಿಲ್ಲ, ಬೇರೆ ಏನೇನೋ ಬೇಕು ಅನ್ನುವುದಕ್ಕೆ ಇದೇ ಸಾಕ್ಷಿ. ಇಲಿಗಳಲ್ಲೂ ಹೀಗೇ ಆಯಿತು. ಇಲಿಗೆ ಮನುಷ್ಯನ ಎನ್‌ಟಿಸಿಪಿ ಕೊಟ್ಟರು. ಡಿ ವೈರಸ್ ಸೋಂಕು ತಗಲಿತು, ಬಿ ವೈರಸ್ ಸೋಂಕು ನಿಲ್ಲಲೇ ಇಲ್ಲ. ಒಳಗೆ ಹೋದ ಮೇಲಿನ ಯಾವುದೋ ಹಂತದಲ್ಲಿ ಇಲಿಯ ಕೋಶ ಅದನ್ನು ತಡೆಯುತ್ತದೆ.

ಹಿತ್ತಿಲಗಿಡ (ಬುಧವಾರ, ಸಂಜೆ 5:15)

ಇಷ್ಟೆಲ್ಲ ಯಾಕೆ ಕಷ್ಟ? ನಮ್ಮ ಕಡೆ ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಾರೆ. ತಲೆತಲಾಂತರದಿಂದ ವಾಸಿಯಾಗುತ್ತಿದೆ. ಜರ್ಮನಿ, ಬೀಜಿಂಗ್ ಅಂತ ಓಡುವ ಬದಲು ಹಿತ್ತಿಲ ಕಡೆ ನೋಡಬಾರದಾ?

ಕೆರೆಕೋಡಿ_ಡಾಕ್ಟ್ರು (ಬುಧವಾರ, ರಾತ್ರಿ 8:30)

ನೋಡಿದ್ದಾರೆ ಸ್ವಾಮಿ, ಅದೂ ದೊಡ್ಡವರೇ ನೋಡಿದ್ದಾರೆ. ಬಿ ವೈರಸ್‌ನ ಮೊದಲ ಸುಳಿವು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ನೆಲನೆಲ್ಲಿ ಬಗ್ಗೆ ಕೆಲಸ ಮಾಡಿದ್ದರು. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಬ್ಲಂಬರ್ಗ್ ಸೇರಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಮೂವತ್ತು ದಿನ ಪುಡಿ ಕೊಟ್ಟ 37 ಜನರಲ್ಲಿ 22 ಜನರ ರಕ್ತದಿಂದ ಬಿ ವೈರಸ್‌ನ ಆಂಟಿಜೆನ್ ಮಾಯವಾಗಿತ್ತು. ಬರೀ ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಇದು ಬಂದಾಗ ಬಹಳ ಸುದ್ದಿಯಾಯಿತು. ಆದರೆ ಆಮೇಲೆ ಬೇರೆ ಕಡೆ ಬೇರೆಯವರು ಮಾಡಿದಾಗ ಆ ಫಲಿತಾಂಶ ಮತ್ತೆ ಬರಲಿಲ್ಲ. ಕತೆ ಅಲ್ಲಿಗೆ ನಿಂತಿತು.

ಹಾಗಾದರೆ ಊರಲ್ಲಿ ವಾಸಿಯಾಗುವುದು ಹೇಗೆ? ಊರಲ್ಲಿ ಬರುವ ಕಾಮಾಲೆ ಬಹುಪಾಲು ಎ ಅಥವಾ ಇ. ಅವು ಹೆಚ್ಚಿನವರಿಗೆ ತಾವಾಗಿಯೇ ಕೆಲವು ವಾರಗಳಲ್ಲಿ ಇಳಿಯುತ್ತವೆ. ನೆಲನೆಲ್ಲಿ ಕುಡಿದರೂ ಇಳಿಯುತ್ತದೆ, ಬರೀ ಮಜ್ಜಿಗೆ ಕುಡಿದರೂ ಇಳಿಯುತ್ತದೆ. ದೊಡ್ಡವರಿಗೆ ತಗಲಿದ ಬಿ ಕೂಡ ಶೇಕಡಾ 95ರಷ್ಟು ಜನರಲ್ಲಿ ತಾನಾಗಿ ಹೋಗುತ್ತದೆ. ಹುಟ್ಟುವಾಗ ತಗಲಿದ್ದು ಮಾತ್ರ ಬಿಡುವುದಿಲ್ಲ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಜೀವನವಿಡೀ ಉಳಿಯುತ್ತದೆ. ಗರ್ಭಿಣಿಗೆ ಇ ಬಂದರೆ ಜೀವಕ್ಕೇ ಅಪಾಯ, ಆಗ ದಯವಿಟ್ಟು ಹಿತ್ತಿಲ ಕಡೆ ಹೋಗಬೇಡಿ, ಆಸ್ಪತ್ರೆಗೆ ಹೋಗಿ.

ಹಿತ್ತಿಲಗಿಡ (ಬುಧವಾರ, ರಾತ್ರಿ 8:58)

ಗರ್ಭಿಣಿ ವಿಷಯ ಒಪ್ಪಿದೆ. ಉಳಿದದ್ದು ನಮ್ಮ ಅಜ್ಜಿಯನ್ನೇ ಕೇಳಬೇಕು.

ಹೆಸರು_ಬೇಡ_77 (ಗುರುವಾರ, ರಾತ್ರಿ 12:20)

ನಾನು ಇಲ್ಲಿ ಓದುವವನೇ, ಬರೆಯುವವನಲ್ಲ. ನನಗೆ ಬಿ ಇದೆ. ಅಮ್ಮನಿಂದ ಬಂದಿದ್ದು ಅಂತ ಡಾಕ್ಟರ್ ಹೇಳಿದರು. ಒಂದು ಕಂಪನಿಯಲ್ಲಿ ಕೆಲಸಕ್ಕೆ ಆಯ್ಕೆಯಾಗಿ, ಮೆಡಿಕಲ್ ಟೆಸ್ಟಿನಲ್ಲಿ ಇದು ಬಂತು ಅಂತ ಕರೆಯಲೇ ಇಲ್ಲ. ಕಾರಣವನ್ನೂ ಬರೆದು ಕೊಡಲಿಲ್ಲ, ಫೋನಿನಲ್ಲಿ "ಕ್ಯಾಂಟೀನ್ ಎಲ್ಲರದ್ದೂ ಒಂದೇ ಅಲ್ವಾ" ಅಂದರು. ಅದು ಹೋಗಲಿ. ಮೇಲೆ ಒಬ್ಬರು ಎನ್‌ಟಿಸಿಪಿ ಹಿಡಿತ ತಡೆಯುವ ಪೆಪ್ಟೈಡ್ ಅಂತ ಬರೆದರಲ್ಲ, ಅದು ಔಷಧವಾಗಿ ಸಿಗುತ್ತದಾ? ಸಿಕ್ಕರೆ ನನ್ನಂಥವರಿಗೆ ಪೂರ್ತಿ ವಾಸಿಯಾಗುತ್ತದಾ?

ಕೆರೆಕೋಡಿ_ಡಾಕ್ಟ್ರು (ಗುರುವಾರ, ಬೆಳಿಗ್ಗೆ 6:40)

ಕ್ಯಾಂಟೀನಿನಿಂದ ಬಿ ಬರುವುದಿಲ್ಲ. ತಟ್ಟೆ, ಲೋಟ, ಕೈಕುಲುಕುವುದು, ಕೆಮ್ಮು, ಒಟ್ಟಿಗೆ ಊಟ, ಯಾವುದರಿಂದಲೂ ಇಲ್ಲ. ಹಾಗೆ ಹೇಳಿದವರಿಗೆ ಎ ಯಾವುದು ಬಿ ಯಾವುದು ಅಂತಲೇ ಗೊತ್ತಿಲ್ಲ. ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 2.98 ಕೋಟಿ ಜನರಿಗೆ ಬಿ ಇದೆ. ಎಷ್ಟು ಜನರನ್ನು ಕೆಲಸದಿಂದ ದೂರ ಇಡುತ್ತಾರಂತೆ?

ಔಷಧದ ವಿಷಯ ನೆಕ್ಕರ್ ಹೇಳಲಿ.

ನೆಕ್ಕರ್_ತೀರ (ಗುರುವಾರ, ಮಧ್ಯಾಹ್ನ 1:25)

ಹೆಸರು_ಬೇಡ ಅವರೇ, ಬರೆದಿದ್ದು ಒಳ್ಳೆಯದಾಯಿತು.

ಔಷಧ ಇದೆ. ಹೆಸರು ಬುಲೆವಿರ್ಟೈಡ್. ಹೈಡೆಲ್‌ಬರ್ಗ್‌ನ ಸ್ಟೆಫಾನ್ ಉರ್ಬಾನ್ ಅವರ ಕೆಲಸದಿಂದ ಬಂದದ್ದು. ಪ್ರಿಎಸ್1ನ ತುದಿಯ 47 ಅಮೈನೋ ಆಮ್ಲಗಳನ್ನು ಲ್ಯಾಬ್‌ನಲ್ಲಿ ತಯಾರಿಸಿ, ಅದೇ ಮಿರಿಸ್ಟಿಕ್ ಎಳೆಯನ್ನು ಸೇರಿಸಿದ್ದಾರೆ. ಅಂದರೆ ವೈರಸ್‌ನ ಕೈಯನ್ನೇ ಕತ್ತರಿಸಿ ಔಷಧ ಮಾಡಿದ್ದಾರೆ. ಇದು ಹೋಗಿ ಎನ್‌ಟಿಸಿಪಿ ಮೇಲೆ ಕೂತರೆ ವೈರಸ್‌ಗೆ ಜಾಗ ಇಲ್ಲ. ಎನ್‌ಟಿಸಿಪಿ ಯಾವುದು ಅಂತ ಗೊತ್ತಾಗುವ ಮುಂಚೆಯೇ ಈ ಪೆಪ್ಟೈಡ್ ವೈರಸ್ ಪ್ರವೇಶ ತಡೆಯುತ್ತದೆ ಅಂತ ಗೊತ್ತಿತ್ತು, ಎಲ್ಲಿ ಕೂರುತ್ತದೆ ಅನ್ನುವುದು ಆಮೇಲೆ ತಿಳಿಯಿತು. ಸೋಂಕು ತಡೆಯೋಕೆ ಬೇಕಾಗುವ ಪ್ರಮಾಣ, ಪಿತ್ತಾಮ್ಲದ ಸಾಗಣೆ ನಿಲ್ಲಿಸೋಕೆ ಬೇಕಾಗುವುದಕ್ಕಿಂತ ತುಂಬಾ ಕಮ್ಮಿ. ದಿನಕ್ಕೆ 2 ಮಿಲಿಗ್ರಾಂ, ಚರ್ಮದಡಿ ಇಂಜೆಕ್ಷನ್, ರೋಗಿಯೇ ಮನೆಯಲ್ಲಿ ಹಾಕಿಕೊಳ್ಳುತ್ತಾರೆ.

ಆದರೆ ಯುರೋಪಿನಲ್ಲಿ 2020ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಡಿ ಕಾಯಿಲೆಗೆ, ಬಿ ಗೆ ಅಲ್ಲ. ಡಿ ಅಂದರೆ 1977ರಲ್ಲಿ ಇಟಲಿಯ ಮಾರಿಯೋ ರಿಝೆಟ್ಟೋ ಕಂಡುಹಿಡಿದ ವೈರಸ್. ಅದಕ್ಕೆ ಸ್ವಂತ ಹೊರಕವಚ ಇಲ್ಲ, ಬಿ ಯದ್ದನ್ನೇ ಹೊದ್ದುಕೊಂಡು ಓಡಾಡುತ್ತದೆ. ಅದಕ್ಕೇ ಅದೂ ಎನ್‌ಟಿಸಿಪಿಯನ್ನೇ ಹಿಡಿಯುವುದು. ಬಿ ಇಲ್ಲದವರಿಗೆ ಡಿ ಬರುವುದಿಲ್ಲ. 48 ವಾರಗಳ ದೊಡ್ಡ ಪರೀಕ್ಷೆಯಲ್ಲಿ 2 ಮಿಲಿಗ್ರಾಂ ಪಡೆದವರ ಪೈಕಿ ಶೇಕಡಾ 45ರಷ್ಟು ಜನರಿಗೆ ವೈರಸ್ ಇಳಿದು, ಲಿವರ್ ಎಂಜೈಮ್ ಸರಿಹೋಯಿತು. ಔಷಧ ಕೊಡದವರಲ್ಲಿ ಶೇಕಡಾ 2 ಮಾತ್ರ. ಎಲ್ಲರಿಗೂ ಯಾಕೆ ಆಗಲಿಲ್ಲ? ಒಂದು ಕಾರಣ, ಸೋಂಕಿದ ಕೋಶ ಎರಡಾಗಿ ಒಡೆದಾಗ ಡಿ ವೈರಸ್ ಮರಿಕೋಶಗಳಿಗೂ ಹಾಗೇ ಇಳಿದು ಹೋಗುತ್ತದೆ. ಆ ದಾರಿಗೆ ಎನ್‌ಟಿಸಿಪಿ ಬೇಕಾಗಿಲ್ಲ.

ಬಿ ಯ ಕಷ್ಟ ಬೇರೆ. ಈಗಾಗಲೇ ಒಳಗೆ ಹೋಗಿರುವ ವೈರಸ್‌ನ ಡಿಎನ್‌ಎ ನ್ಯೂಕ್ಲಿಯಸ್‌ನಲ್ಲಿ ಉಂಗುರವಾಗಿ ಗಟ್ಟಿ ಮುಚ್ಚಿಕೊಂಡು ಕೂರುತ್ತದೆ. ಸಿಸಿಸಿಡಿಎನ್‌ಎ ಅಂತಾರೆ. ಹೊರಗೆ ಎನ್‌ಟಿಸಿಪಿ ಮುಚ್ಚಿದರೆ ಹೊಸ ಕೋಶಕ್ಕೆ ಹರಡುವುದು ನಿಲ್ಲುತ್ತದೆ, ಒಳಗೆ ಕೂತ ಉಂಗುರಕ್ಕೆ ಏನೂ ಆಗುವುದಿಲ್ಲ. ಈಗ ಬಿ ಗೆ ಕೊಡುವ ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳೂ ಅದನ್ನು ಮುಟ್ಟುವುದಿಲ್ಲ, ಹೊಸ ವೈರಸ್ ತಯಾರಾಗುವುದನ್ನು ತಡೆಯುತ್ತವೆ. ಸುಷ್ಮಾ ಮೊದಲ ದಿನ ಕೇಳಿದ "ಮುಚ್ಚಿಬಿಟ್ಟರೆ ಮುಗಿಯಿತು ಅಲ್ವಾ" ಅನ್ನುವುದಕ್ಕೂ ಇದೇ ಉತ್ತರ.

ಕೆರೆಕೋಡಿ_ಡಾಕ್ಟ್ರು (ಗುರುವಾರ, ಮಧ್ಯಾಹ್ನ 2:10)

ಅದಕ್ಕೆ ಸೇರಿಸುತ್ತೇನೆ. ಟೆನೊಫೊವಿರ್ ಪೂರ್ತಿ ವಾಸಿ ಮಾಡುವುದಿಲ್ಲ ಅಂತ ಅದನ್ನು ಕಡೆಗಣಿಸಬೇಡಿ. ವೈರಸ್ ಕೆಳಗಿದ್ದರೆ ಲಿವರ್ ಗಟ್ಟಿಯಾಗುವುದು, ಕ್ಯಾನ್ಸರ್ ಬರುವುದು ಎರಡೂ ಕಮ್ಮಿಯಾಗುತ್ತವೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಮಾತ್ರೆ ಎಲ್ಲರಿಗೂ ಈಗಲೇ ಬೇಕಾಗುವುದಿಲ್ಲ. ವೈರಸ್ ಪ್ರಮಾಣ, ಎಎಲ್‌ಟಿ ಅನ್ನುವ ಲಿವರ್ ಎಂಜೈಮ್, ಲಿವರ್ ಸ್ಥಿತಿ ನೋಡಿ ನಿರ್ಧಾರ ಮಾಡುತ್ತಾರೆ. ಮಾತ್ರೆ ಶುರು ಮಾಡಿದವರು ತಾವಾಗಿ ನಿಲ್ಲಿಸಬಾರದು, ಕಾಯಿಲೆ ಒಮ್ಮೆಲೇ ಜೋರಾಗಿ ತಿರುಗಿ ಬರಬಹುದು.

ತಟಸ್ಥ_ಎಂಜಿನಿಯರ್ (ಗುರುವಾರ, ಸಂಜೆ 7:00)

ಎನ್‌ಟಿಸಿಪಿ ಮುಚ್ಚಿದರೆ ಪಿತ್ತಾಮ್ಲ ರಕ್ತದಲ್ಲೇ ಉಳಿಯಬೇಕಲ್ಲ. ಅದರಿಂದ ತೊಂದರೆ ಇಲ್ಲವಾ?

ನೆಕ್ಕರ್_ತೀರ (ಗುರುವಾರ, ರಾತ್ರಿ 11:15)

ಉಳಿಯುತ್ತದೆ. ಬುಲೆವಿರ್ಟೈಡ್ ತೆಗೆದುಕೊಳ್ಳುವವರ ರಕ್ತದಲ್ಲಿ ಪಿತ್ತಾಮ್ಲ ಏರುತ್ತದೆ, ಆದರೆ ಹೆಚ್ಚಿನವರಿಗೆ ಏನೂ ಅನಿಸುವುದಿಲ್ಲ. ಇದಕ್ಕೆ ಪ್ರಕೃತಿಯೇ ಮಾಡಿಟ್ಟ ಪ್ರಯೋಗ ಇದೆ. ಎನ್‌ಟಿಸಿಪಿ ಕೆಲಸ ಮಾಡದ ಒಂದು ಮಗುವಿನ ವಿವರ 2015ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಪಿತ್ತಾಮ್ಲ ವಿಪರೀತ ಜಾಸ್ತಿ. ಆದರೂ ಕಾಮಾಲೆ ಇಲ್ಲ, ತುರಿಕೆಯೂ ಇಲ್ಲ. ಒಎಟಿಪಿ ಅನ್ನುವ ಬೇರೆ ಪ್ರೋಟೀನ್‌ಗಳು ಸ್ವಲ್ಪಮಟ್ಟಿಗೆ ಆ ಕೆಲಸ ನಡೆಸುತ್ತವೆ.

ಇನ್ನೂ ಒಂದು. ಚೀನಾ, ವಿಯೆಟ್ನಾಂ ಕಡೆಯ ಕೆಲವರಲ್ಲಿ ಎನ್‌ಟಿಸಿಪಿಯ 267ನೇ ಜಾಗದಲ್ಲಿ ಸೆರಿನ್ ಬದಲು ಫೀನೈಲ್‌ಅಲನಿನ್ ಇರುತ್ತದೆ. ಅಂಥವರ ಪ್ರೋಟೀನ್ ಪಿತ್ತಾಮ್ಲವನ್ನೂ ಸರಿಯಾಗಿ ಸಾಗಿಸುವುದಿಲ್ಲ, ವೈರಸ್‌ಗೂ ಸರಿಯಾಗಿ ಸಿಗುವುದಿಲ್ಲ. ಅವರಲ್ಲಿ ದೀರ್ಘಕಾಲದ ಬಿ ಸೋಂಕು ಕಮ್ಮಿ.

ಸುಷ್ಮಾ_ಧಾರವಾಡ (ಶುಕ್ರವಾರ, ಬೆಳಿಗ್ಗೆ 8:05)

ಕೊನೇ ಪ್ರಶ್ನೆ. ಮಕ್ಕಳಿಗೆ ಹಾಕುವ ಬಿ ಲಸಿಕೆಯಲ್ಲಿ ಇರುವುದು ಚಿಕ್ಕ ಕವಚ ಪ್ರೋಟೀನ್ ಮಾತ್ರ ಅಂತ ಓದಿದೆ. ಎನ್‌ಟಿಸಿಪಿ ಹಿಡಿಯುವ ಪ್ರಿಎಸ್1 ಅದರಲ್ಲಿ ಇಲ್ಲವೇ ಇಲ್ಲ. ಹಾಗಿದ್ದರೂ ಲಸಿಕೆ ಇಷ್ಟು ಚೆನ್ನಾಗಿ ಹೇಗೆ ಕೆಲಸ ಮಾಡುತ್ತದೆ?

ನೆಕ್ಕರ್_ತೀರ (ಶುಕ್ರವಾರ, ಮಧ್ಯಾಹ್ನ 12:55)

ಎಕ್ಸಾಮಿನರ್ ಕೇಳಬೇಕಾದ ಪ್ರಶ್ನೆ ಇದು! ನಾನು ಮೊದಲು ಹೇಳಿದ ಆ ಸಡಿಲ ಅಂಟು ನೆನಪಿದೆಯಾ, ಹೆಪರಾನ್ ಸಲ್ಫೇಟ್? ಅದಕ್ಕೆ ಅಂಟುವುದರಲ್ಲಿ ಚಿಕ್ಕ ಪ್ರೋಟೀನ್‌ನ ಒಂದು ಮಡಿಕೆಗೆ ದೊಡ್ಡ ಪಾತ್ರ ಇದೆ. ಲಸಿಕೆಯಿಂದ ಬರುವ ಆಂಟಿಬಾಡಿ ಮುಖ್ಯವಾಗಿ ಆ ಮಡಿಕೆಯ ಮೇಲೇ ಕೂರುತ್ತದೆ. ವೈರಸ್ ಎನ್‌ಟಿಸಿಪಿವರೆಗೆ ಬರುವುದೇ ಇಲ್ಲ. ಡಿ ಕೂಡ ಅದೇ ಕವಚ ಹೊದ್ದಿರುವುದರಿಂದ ಒಂದೇ ಲಸಿಕೆಗೆ ಎರಡೂ ನಿಲ್ಲುತ್ತವೆ.

ಹೆಸರು_ಬೇಡ_77 (ಶುಕ್ರವಾರ, ರಾತ್ರಿ 10:30)

ನನಗೆ ತಂಗಿ ಇದ್ದಾಳೆ, ಮುಂದಿನ ವರ್ಷ ಮದುವೆ. ಅವಳನ್ನು ಯಾವತ್ತೂ ಪರೀಕ್ಷೆ ಮಾಡಿಸಿಲ್ಲ. ಏನು ಮಾಡಿಸಬೇಕು ಡಾಕ್ಟ್ರೇ?

ಕೆರೆಕೋಡಿ_ಡಾಕ್ಟ್ರು (ಶನಿವಾರ, ಬೆಳಿಗ್ಗೆ 6:30)

ತಡ ಮಾಡದೆ ಮೂರು ಪರೀಕ್ಷೆ ಮಾಡಿಸಿ: ಎಚ್‌ಬಿಎಸ್‌ಎಜಿ (ಈಗ ಸೋಂಕು ಇದೆಯಾ), ಆಂಟಿ-ಎಚ್‌ಬಿಸಿ (ಯಾವತ್ತಾದರೂ ತಗಲಿತ್ತಾ), ಆಂಟಿ-ಎಚ್‌ಬಿಎಸ್ (ರಕ್ಷಣೆ ಇದೆಯಾ). ಮೂರೂ ನೆಗೆಟಿವ್ ಬಂದರೆ ಲಸಿಕೆ ಹಾಕಿಸಿ. ಮೊದಲನೆಯದು ಹಾಕಿದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮದುವೆಯೊಳಗೆ ಮುಗಿಯುತ್ತದೆ. ಮೂರನೆಯದು ಹಾಕಿಸಿದ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ಮತ್ತೆ ನೋಡಿಸಿ, 10ಕ್ಕಿಂತ ಮೇಲಿದ್ದರೆ ಸಾಕು. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ಗಾಬರಿಯಾಗಬೇಡಿ. ಮದುವೆಯಾಗುವ ಹುಡುಗನಿಗೆ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಬಹುದು. ಗರ್ಭಿಣಿಯಾದಾಗ ಮೊದಲೇ ಹೇಳಿದರೆ, ವೈರಸ್ ಜಾಸ್ತಿ ಇದ್ದಲ್ಲಿ ಟೆನೊಫೊವಿರ್ ಕೊಡುತ್ತಾರೆ. ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಮತ್ತು ಎಚ್‌ಬಿಐಜಿ (ಸಿದ್ಧ ಆಂಟಿಬಾಡಿ) ಇಂಜೆಕ್ಷನ್ ಎರಡನ್ನೂ ಕೊಡಬೇಕು. ಎಚ್‌ಬಿಐಜಿ ಎಲ್ಲ ಕಡೆ ಇಟ್ಟಿರುವುದಿಲ್ಲ, ಹೆರಿಗೆ ಮಾಡಿಸುವ ಆಸ್ಪತ್ರೆಯಲ್ಲಿ ಮುಂಚೆಯೇ ಕೇಳಿ ತರಿಸಿಡಬೇಕು. ಅಮ್ಮನದ್ದೂ ಹಳೇ ರಿಪೋರ್ಟ್ ಇದ್ದರೆ ತಂಗಿಯ ಜೊತೆಗೇ ತೋರಿಸಿ, ಅವರಿಗೂ ಒಂದು ಸ್ಕ್ಯಾನ್ ಬಾಕಿ ಇರಬಹುದು.